ವಾರದ ಹಾಳೆಗೆ ಮಾಚವ್ವನ ಗುರುತು

“ಗುರುಗಳೇ, ಮನೆಯಲ್ಲಿ ಯಾರಿಗೂ ಅಕ್ಷರ ಬಾರದ ಮಕ್ಕಳಿಗೆ ವಾರದ ಪಾಠವನ್ನು ಮನೆಗೆ ಕೊಟ್ಟು ಏನು ಫಲ?” ಎಂದು ಕೊಟ್ರೇಶ ಕೇಳಿದ.

ಕೊಟ್ರೇಶ ಮರುಳಯ್ಯ ಗುರುಗಳ ಬಳಿ ಆರು ವರ್ಷ ಕಲಿತವನು. ಈಗ ತನ್ನ ಊರಿನಲ್ಲಿ ಆರೇಳು ವರ್ಷದ ಮಕ್ಕಳಿಗೆ ಪಾಠ ಹೇಳುತ್ತಿದ್ದ. ಸೋಮವಾರ ಮಕ್ಕಳಿಗೆ ಒಂದು ಹಾಳೆ ಕೊಡುವುದು, ಮಕ್ಕಳು ಅದನ್ನು ಮನೆಯಲ್ಲಿ ದಿನವೂ ಗಟ್ಟಿಯಾಗಿ ಓದುವುದು, ಶನಿವಾರ ಬಂದು ಗುರುವಿನ ಮುಂದೆ ಓದುವುದು. ಈ ಕ್ರಮವನ್ನು ಅವನು ಗುರುಗಳಿಂದಲೇ ಕಲಿತಿದ್ದ.

“ನನ್ನಲ್ಲಿ ಹದಿನಾಲ್ಕು ಮಕ್ಕಳಿದ್ದಾರೆ,” ಎಂದು ಅವನು ಮುಂದುವರಿಸಿದ. “ಅವರಲ್ಲಿ ಒಂಬತ್ತು ಮಕ್ಕಳ ಮನೆಯಲ್ಲಿ ಅಕ್ಷರದ ಗಂಧವೇ ಇಲ್ಲ. ಅಲ್ಲಿಗೆ ಹಾಳೆ ಕಳಿಸುವುದು ಬೋರ್ಗಲ್ಲ ಮೇಲೆ ಮಳೆ ಸುರಿದ ಹಾಗೆ. ಅವರನ್ನು ಬೇರೆ ಸಾಲಿನಲ್ಲಿ ಕೂರಿಸಿ, ಹಾಳೆ ಕೊಡುವುದನ್ನು ನಿಲ್ಲಿಸಬೇಕೆಂದಿದ್ದೇನೆ. ಅಪ್ಪಣೆಯಾಗಬೇಕು.”

“ಆ ಒಂಬತ್ತು ಮನೆಗಳಲ್ಲಿ ಒಂದು ಮನೆಯ ಹೊಸಿಲನ್ನಾದರೂ ತುಳಿದಿದ್ದೀಯಾ?”

“ಇಲ್ಲ.”

“ಭಲೇ! ಹೋಗದ ಊರಿನ ದಾರಿ ಹೇಳುವುದನ್ನೂ ಕಲಿತುಬಿಟ್ಟೆ. ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಗುರುಗಳು ಹೇಳಿದ ಕತೆ ಇದು.

ಒಂದು ಊರು. ಆ ಊರಿಗೆ ಒಬ್ಬ ಮೇಷ್ಟ್ರು ಬಂದ. ಹರೆಯದವನು, ಆಗತಾನೆ ಮೀಸೆ ತಿರುವುವುದನ್ನು ಕಲಿತಿದ್ದ. ಅವನಿಗೆ ಓದು ಚೆನ್ನಾಗಿತ್ತು. ಅದಕ್ಕಿಂತ ಚೆನ್ನಾಗಿದ್ದದ್ದು ತನಗೆ ಓದು ಬರುತ್ತದೆ ಎಂಬ ಅವನ ಹಮ್ಮು.

ಕೊಟ್ರೇಶ ತಡೆಯಲಾರದೆ, “ಗುರುಗಳೇ, ಮೇಷ್ಟ್ರಿಗೆ ಏಕವಚನವೇ?” ಎಂದ.

“ಅವನಿಗೆ ಅಷ್ಟು ಸಾಕು. ಬಾಯಿ ಹಾಕಬೇಡ ಅಂದೆನಲ್ಲ?”

ಆ ಮೇಷ್ಟ್ರು ಊರಿಗೆ ಬಂದವನೇ ಒಂದು ಕಟ್ಟಳೆ ಮಾಡಿದ. ಪ್ರತಿ ಸೋಮವಾರ ಬೆಳಗ್ಗೆ ಮನೆಯ ಹಿರಿಯರು ಮಕ್ಕಳ ಜೊತೆ ಬಂದು ವಾರದ ಹಾಳೆ ತೆಗೆದುಕೊಂಡು ಹೋಗಬೇಕು. ಮಗು ಆರು ದಿನ ಮನೆಯಲ್ಲಿ ಓದಬೇಕು. ಹಿರಿಯರು ಕೂತು ಕೇಳಬೇಕು. ಶನಿವಾರ ಹಾಳೆಯ ಕೆಳಗೆ, ಓದಿದ್ದು ಹೌದು ಎಂದು ಸಹಿ ಹಾಕಿ ಕಳಿಸಬೇಕು. ಸಹಿ ಇಲ್ಲದ ಮಗು ಮರಳಿನ ಮೇಲೆ ಅಕ್ಷರ ತಿದ್ದುವ ಪುಟ್ಟ ಮಕ್ಕಳ ಜೊತೆ ಕೂರಬೇಕು. ಮೂರು ವಾರ ಸಹಿ ಬರದಿದ್ದರೆ ಆ ಮಗು ಮತ್ತೆ ಶಾಲೆಗೆ ಬರುವ ಹಾಗಿಲ್ಲ.

ಕಟ್ಟಳೆ ಕೆಟ್ಟದ್ದಲ್ಲ. ಕೇಳಿಸಿಕೊಳ್ಳುವವರಿದ್ದರೆ ಮಗು ಓದುತ್ತದೆ. ಆದರೆ ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಆ ಹುಡುಗ ಮೇಷ್ಟ್ರ ಕೈಗೆ ಕಟ್ಟಳೆ ಸಿಕ್ಕಿತ್ತು, ಅದನ್ನೇ ಹಿಡಿದುಕೊಂಡು ಮೆರೆದ.

ಅದೇ ಊರಲ್ಲಿ ಮಾಚವ್ವ ಎಂಬ ಮಡಿವಾಳ ಹೆಂಗಸು ಇದ್ದಳು. ಎಂಬತ್ತು ಮನೆಯ ಬಟ್ಟೆ ಒಗೆಯುತ್ತಿದ್ದಳು. ಅವಳಿಗೆ ಅಕ್ಷರ ಬಾರದು, ಅವಳ ಗಂಡನಿಗೂ ಬಾರದು. ಅವಳ ಮಗಳು ಹೊನ್ನಿಗೆ ಏಳು ವರ್ಷ. ಆ ಮನೆತನದಲ್ಲಿ ಹಾಳೆ ಹಿಡಿದ ಮೊದಲ ಕೈ ಆ ಹುಡುಗಿಯದು.

ಮಡಿವಾಳರ ಕಸುಬು ನಿನಗೆ ಗೊತ್ತಿರಬೇಕು. ಊರಿನ ಪಂಚೆಗಳೆಲ್ಲ ಬಿಳಿ. ಎಲ್ಲ ಮನೆಯ ಬಟ್ಟೆಯನ್ನೂ ಒಟ್ಟಿಗೆ ಉಬ್ಬೆಗೆ ಹಾಕಿ ಬೇಯಿಸುತ್ತಾರೆ. ಯಾವ ಬಟ್ಟೆ ಯಾವ ಮನೆಯದು ಎಂದು ತಿಳಿಯಲು ಅಂಚಿನ ಮೂಲೆಯಲ್ಲಿ ಕರಿಗೇರು ಬೀಜದ ರಸದಿಂದ ಒಂದು ಸಣ್ಣ ಗುರುತು ಹಾಕಿರುತ್ತಾರೆ. ಒಂದು ಮನೆಗೆ ಎರಡು ಚುಕ್ಕಿ, ಇನ್ನೊಂದು ಮನೆಗೆ ಗೀಟಿನ ಮೇಲೆ ಗೀಟು. ಎಷ್ಟು ಒಗೆದರೂ ಅದು ಅಳಿಸಿಹೋಗುವುದಿಲ್ಲ. ಎಂಬತ್ತು ಮನೆಗೆ ಎಂಬತ್ತು ಗುರುತು, ಎಲ್ಲವೂ ಮಾಚವ್ವನ ತಲೆಯಲ್ಲಿದ್ದವು. ಇಪ್ಪತ್ತು ವರ್ಷದಲ್ಲಿ ಒಂದು ಮನೆಯ ಚಿಂದಿ ಇನ್ನೊಂದು ಮನೆಗೆ ಹೋದದ್ದಿಲ್ಲ.

ಸಂಜೆ ಅವಳು ಬಟ್ಟೆ ಮಡಿಸುತ್ತ ಕೂತಾಗ ಹೊನ್ನಿ ಪಕ್ಕದಲ್ಲಿ ಕೂತು ಓದುತ್ತಿದ್ದಳು. ಓದಿದ್ದು ಸರಿಯೋ ತಪ್ಪೋ ತಾಯಿಗೆ ಹೇಗೆ ತಿಳಿಯಬೇಕು? ಅವಳು ತನ್ನ ಕಸುಬನ್ನೇ ಹಿಡಿದಳು. ಹಾಳೆಯ ಮೇಲೆ ಎಲ್ಲೋ ಒಂದು ಕಡೆ ಬೆರಳಿಟ್ಟು, “ಇದೇನೇ?” ಎನ್ನುವಳು. “ಕೊಡ” ಎನ್ನುವಳು ಮಗಳು. ತಾಯಿ ಆ ಆಕಾರವನ್ನು ನೋಡಿಟ್ಟುಕೊಳ್ಳುವಳು. ಮಾರನೆಯ ದಿನ ಮತ್ತೆ ಅಲ್ಲೇ ಬೆರಳಿಡುವಳು. ಮಗಳು ಅಂದಾಜಿನ ಮೇಲೆ ಬೇರೇನಾದರೂ ಹೇಳಿದಳೋ, ಮುಗಿಯಿತು. “ನಿನ್ನೆ ಕೊಡ ಅಂದೆ. ಇವತ್ತು ಬಾವಿ ಆಯ್ತಾ? ಗೌಡರ ಮನೆ ಪಂಚೆ ಬೆಳಗಾಗೋದರೊಳಗೆ ಶೆಟ್ಟರ ಮನೇದಾಗುತ್ತೇನೇ? ಕಣ್ಣು ಬಿಟ್ಟು ನೋಡು,” ಎಂದು ಗದರುವಳು.

ಮೇಲಿನಿಂದ ಕೆಳಕ್ಕೆ ಕೇಳುವುದು ಅವಳಿಗೆ ಗೊತ್ತೇ ಇರಲಿಲ್ಲ. ಉಬ್ಬೆಯಿಂದ ತೆಗೆದ ಬಟ್ಟೆ ಮನೆಗಳ ಸಾಲು ಹಿಡಿದು ಕೈಗೆ ಬರುತ್ತದೆಯೇ? ನಡುವಿನಿಂದ ಕೇಳುವಳು, ಕೊನೆಯಿಂದ ಕೇಳುವಳು. ಹೊನ್ನಿ ಕಣ್ಣಿನಿಂದ ಓದಲೇಬೇಕಾಗಿತ್ತು, ಬೇರೆ ದಾರಿ ಇರಲಿಲ್ಲ.

ಇದ್ಯಾವುದೂ ಮೇಷ್ಟ್ರಿಗೆ ಗೊತ್ತಿರಲಿಲ್ಲ. ತಿಳಿದುಕೊಳ್ಳುವ ಗೋಜಿಗೂ ಅವನು ಹೋಗಲಿಲ್ಲ.

ಮೊದಲ ಶನಿವಾರ ಹೊನ್ನಿ ಹಾಳೆ ತಂದಳು. ಸಹಿ ಇರಬೇಕಾದ ಜಾಗದಲ್ಲಿ ಕಪ್ಪಗೆ ಎರಡು ಚುಕ್ಕಿ, ಅವುಗಳ ಕೆಳಗೆ ಒಂದು ಕೊಂಕು ಗೀಟು. ಅದು ಮಾಚವ್ವ ತನ್ನ ಸ್ವಂತ ಮನೆಯ ಬಟ್ಟೆಗೆ ಹಾಕುವ ಗುರುತು. ಮೇಷ್ಟ್ರು ಹಾಳೆಯನ್ನು ಮೇಲೆತ್ತಿ ಹಿಡಿದು ಎಲ್ಲ ಮಕ್ಕಳಿಗೂ ತೋರಿಸಿದ. “ಇದು ಶಾಲೆಯೋ, ಹಳ್ಳದ ದಂಡೆಯೋ? ಬಟ್ಟೆಯ ಗುರುತಿಗೆ ಇಲ್ಲಿ ಜಾಗವಿಲ್ಲ,” ಎಂದ. ಮಕ್ಕಳು ನಕ್ಕವು. ಹೊನ್ನಿಯನ್ನು ಮರಳಿನ ಸಾಲಿಗೆ ಕಳಿಸಿದ. ಅವಳಿಂದ ಒಂದು ಸಾಲನ್ನೂ ಓದಿಸಲಿಲ್ಲ, ತಿಳಿಯಿತೇ? ಒಂದು ಸಾಲನ್ನೂ ಓದಿಸಲಿಲ್ಲ, ಪಾಪಿ.

ಎರಡನೆಯ ಶನಿವಾರವೂ ಹಾಗೆಯೇ ಆಯಿತು. ಮೂರನೆಯ ಶನಿವಾರ, “ಸೋಮವಾರದಿಂದ ಬರಬೇಡ,” ಎಂದ.

ಬೇರೆ ತಾಯಿಯಾಗಿದ್ದರೆ ಬಂದು ಕಾಲು ಹಿಡಿಯುತ್ತಿದ್ದಳೇನೋ. ಇಲ್ಲವೇ ಹಣೆಬರಹ ಎಂದು ಮಗಳ ಕೈಗೆ ಬಟ್ಟೆಯ ಗಂಟು ಕೊಡುತ್ತಿದ್ದಳೇನೋ. ಮಾಚವ್ವ ಎರಡನ್ನೂ ಮಾಡಲಿಲ್ಲ. “ಯಾವನೋ ಬರಬೇಡ ಅಂದರೆ ನಿನ್ನ ಓದು ನಿಲ್ಲುತ್ತೇನೇ? ತಾ ಹಾಳೆ, ಕೂತ್ಕೋ,” ಎಂದಳು. ಆ ಸಂಜೆಯೂ ಓದಿಸಿದಳು. ಭಾನುವಾರವೂ ಓದಿಸಿದಳು.

ಸೋಮವಾರ ಬೆಳಗ್ಗೆ ಶಾಲೆಯ ಜಗುಲಿಯ ಮುಂದೆ ಹಿರಿಯರು ಮಕ್ಕಳ ಕೈ ಹಿಡಿದು ನಿಂತಿದ್ದರು. ಮಾರನೆಯ ದಿನ ಗೌಡರ ಮನೆಯಲ್ಲಿ ಮದುವೆ. ಊರಿನ ಒಳ್ಳೊಳ್ಳೆಯ ಪಂಚೆ, ಶಲ್ಯಗಳೆಲ್ಲ ಮಾಚವ್ವನ ಮನೆಯಲ್ಲಿದ್ದವು. ಅವಳು ಗಂಡನ ಜೊತೆ ನಾಲ್ಕು ದೊಡ್ಡ ಗಂಟು ಹೊತ್ತು ಬಂದಳು. ಹಿಂದೆ ಹೊನ್ನಿ ಬಂದಳು. ಜಗುಲಿಯ ಮೇಲೆ ಗಂಟುಗಳನ್ನು ಬಿಚ್ಚಿ ಎಲ್ಲ ಬಟ್ಟೆಯನ್ನೂ ಒಂದೇ ರಾಶಿ ಮಾಡಿ ಸುರಿದಳು.

“ನಿಮ್ಮ ನಿಮ್ಮ ಬಟ್ಟೆ ತಗೊಂಡು ಹೋಗಿ,” ಎಂದಳು.

ಗೌಡರು ಬೆರಗಾಗಿ, “ಇದೇನೇ ಮಾಚವ್ವ, ತಲೆ ಕೆಟ್ಟಿದೆಯಾ? ಯಾವುದು ಯಾರದು ಅಂತ ನಮಗೇನು ಗೊತ್ತು?” ಎಂದರು.

“ಅಂಚಲ್ಲಿ ಗುರುತು ಇದೆಯಲ್ಲ ಗೌಡ್ರೇ. ಹುಟ್ಟಿದಾಗಿನಿಂದ ಉಟ್ಟಿದ್ದೀರಿ. ನೀವೆಲ್ಲ ಓದು ಬಲ್ಲವರು. ಓದ್ಕೊಂಡು ತಗೊಳ್ಳಿ.”

ನೋಡಬೇಕಾಗಿತ್ತು ಆ ಪೇಚಾಟ! ಶೆಟ್ಟರು ಒಂದು ಪಂಚೆ ಎಳೆದರು. ಅದರ ಇನ್ನೊಂದು ತುದಿ ಶಾನುಭೋಗರ ಕೈಯಲ್ಲಿತ್ತು. ಇದು ನನ್ನದು ಎಂದು ಅವರು, ಅಲ್ಲ ನನ್ನದು ಎಂದು ಇವರು. ಅಂಚು ತಿರುಗಿಸಿ ನೋಡಿದರೆ ಮೂರು ಚುಕ್ಕಿ ಇದ್ದವು. ಮೂರು ಚುಕ್ಕಿ ಯಾರ ಮನೆ? ಇಬ್ಬರಿಗೂ ಗೊತ್ತಿಲ್ಲ. ಐವತ್ತು ವರ್ಷದಿಂದ ಉಟ್ಟ ಬಟ್ಟೆಯ ಮೂಲೆಯನ್ನು ಇಬ್ಬರೂ ಒಂದು ದಿನವೂ ನೋಡಿದವರಲ್ಲ. ಮೇಷ್ಟ್ರಿಗೂ ಮದುವೆಗೆ ಹೋಗಬೇಕಾಗಿತ್ತು. ಅವನು ಗತ್ತಿನಿಂದ ಮುಂದೆ ಬಂದು ಒಂದು ಪಂಚೆ ಎತ್ತಿಕೊಂಡ.

“ಅದು ಕುಂಬಾರರ ಮನೇದು, ಮೇಷ್ಟ್ರೇ,” ಎಂದಳು ಮಾಚವ್ವ.

ಊರೆಲ್ಲ ಗೊಳ್ಳೆಂದು ನಕ್ಕಿತು. ಮೇಷ್ಟ್ರ ಮುಖ ಹುಳ್ಳಗಾಯಿತು.

ಮಾಚವ್ವ ರಾಶಿಯ ಮುಂದೆ ಕೂತಳು. ಒಂದು ಎಲೆ ಅಡಿಕೆ ಜಗಿದು ಮುಗಿಸುವಷ್ಟರಲ್ಲಿ ಬಟ್ಟೆಯೆಲ್ಲ ಮನೆ ಮನೆಗೆ ಬೇರೆ ಬೇರೆಯಾಗಿ ಸಾಲಾಗಿ ನಿಂತಿತು. ಒಂದೂ ತಪ್ಪಲಿಲ್ಲ. ಆಮೇಲೆ ಎದ್ದು ನಿಂತು ಕಡ್ಡಿ ಮುರಿದ ಹಾಗೆ ಹೇಳಿದಳು: “ನನಗೆ ಓದು ಬರಲ್ಲ ಅಂತ ನನ್ನ ಮಗಳನ್ನ ಹೊರಗೆ ಹಾಕಿದ್ದೀರಿ. ಮೂರು ವಾರ ಅವಳ ಓದು ಕೇಳಿದವಳು ನಾನು. ಒಂದು ದಿನ ತಪ್ಪಿಸಿಲ್ಲ. ಇಲ್ಲೇ, ಎಲ್ಲರ ಮುಂದೆ ಓದಿಸಿ. ಸಹಿ ತಂದ ಮಕ್ಕಳನ್ನೂ ಓದಿಸಿ. ಆದರೆ ಕೆಳಗಿನ ಸಾಲಿಂದ ಶುರು ಮಾಡಿ.”

ಜನ ಸೇರಿದ್ದರು. ಮೇಷ್ಟ್ರು ಒಲ್ಲೆ ಎನ್ನುವ ಹಾಗಿರಲಿಲ್ಲ.

ಹಿಂದಿನ ವಾರದ ಹಾಳೆಯಲ್ಲಿ ನಾಲ್ಕೇ ಸಾಲು ಇದ್ದವು. ಅಜ್ಜಿ ಬಾವಿಗೆ ಹೋದಳು. ಕೊಡ ತುಂಬಿದಳು. ಕೊಡ ಸೋರಿತು. ದಾರಿ ಒದ್ದೆಯಾಯಿತು. ಶೆಟ್ಟರ ಮಗ ಗುರುಶಾಂತನನ್ನು ಕರೆದರು. ಅವನ ಹಾಳೆಯ ಮೇಲೆ ಶೆಟ್ಟರ ಸಹಿ ಜಿಲೇಬಿಯ ಹಾಗೆ ಸುತ್ತಿಕೊಂಡು ಕೂತಿತ್ತು. ಮಗು ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ, “ಅಜ್ಜಿ ಬಾವಿಗೆ ಹೋದಳು,” ಎಂದಿತು.

“ಅಲ್ಲ ಮಗ, ಬೆರಳಿಟ್ಟ ಸಾಲು ಓದು,” ಎಂದರು ಗೌಡರು.

ಮಗು ಬೆರಳನ್ನು ನೋಡಿತು, ಅಪ್ಪನ ಮುಖ ನೋಡಿತು. ಮತ್ತೆ, “ಅಜ್ಜಿ ಬಾವಿಗೆ ಹೋದಳು,” ಎಂದು ಅಳಲು ಶುರುಮಾಡಿತು. ಪಾಪ, ಅದರ ತಪ್ಪೇನು? ಶೆಟ್ಟರಿಗೆ ಓದು ಬರುತ್ತಿತ್ತು, ಬಿಡುವು ಇರಲಿಲ್ಲ. ಮಗು ತಡವರಿಸುವುದನ್ನು ಕೇಳುವ ತಾಳ್ಮೆಯೂ ಇರಲಿಲ್ಲ. ತಾವೇ ಓದಿ ಹೇಳುತ್ತಿದ್ದರು, ಮಗು ಗಿಣಿಪಾಠ ಒಪ್ಪಿಸುತ್ತಿತ್ತು, ಅವರು ಸಹಿ ಜಡಿದು ಏಳುತ್ತಿದ್ದರು. ಸಹಿ ತಂದ ಏಳು ಮಕ್ಕಳಲ್ಲಿ ಶಾನುಭೋಗರ ಮೊಮ್ಮಗಳು ಒಬ್ಬಳೇ ಓದಿದಳು. ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಓದಿದಳು. ಉಳಿದ ಆರೂ ಮಕ್ಕಳ ಬೆರಳು ಒಂದು ಕಡೆ, ಬಾಯಿ ಇನ್ನೊಂದು ಕಡೆ.

ಶೆಟ್ಟರು ರೇಗಿದರು. “ಕೆಳಗಿನಿಂದ ಮೇಲಕ್ಕೆ ಯಾರಾದರೂ ಓದುತ್ತಾರೇನ್ರೀ? ಪಂಚೆಯನ್ನು ತಲೆಗೆ ಉಟ್ಟ ಹಾಗಾಯಿತು!”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮಾಚವ್ವ ಅಳುತ್ತಿದ್ದ ಗುರುಶಾಂತನ ಕಣ್ಣನ್ನು ಸೆರಗಿನಿಂದ ಒರೆಸಿ, “ಅಳಬೇಡ ನನ್ನಪ್ಪ. ನಿನಗೆ ಓದೋಕೆ ಬಿಟ್ಟರೆ ತಾನೇ ನೀನು ಓದೋದು?” ಎಂದಳು. ಆಮೇಲೆ ಮಗಳನ್ನು ಮುಂದೆ ನಿಲ್ಲಿಸಿದಳು.

ಹೊನ್ನಿ ಕೆಳಗಿನ ಸಾಲಿನಿಂದ ಓದಿದಳು. ದಾರಿ ಒದ್ದೆಯಾಯಿತು. ಕೊಡ ಸೋರಿತು. ನಡುವಿನಿಂದ ಓದಿದಳು. ಮೇಷ್ಟ್ರಿಗೆ ಅದೂ ಸಾಲಲಿಲ್ಲ. ಆ ದಿನದ ಹೊಸ ಹಾಳೆ ತೆಗೆದು ಅವಳ ಕೈಗೆ ಕೊಟ್ಟ. ಅದನ್ನು ಯಾರೂ ಅವಳಿಗೆ ಓದಿ ಹೇಳಿರಲಿಲ್ಲ. ಹುಡುಗಿ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ಎರಡು ಕಡೆ ಮುಗ್ಗರಿಸಿ, ತಾನೇ ತಿದ್ದಿಕೊಂಡು ಕೊನೆಯವರೆಗೆ ಓದಿದಳು.

ಗೌಡರು ದೊಡ್ಡ ಮನುಷ್ಯರು. “ಮೇಷ್ಟ್ರೇ, ಮಗು ಓದಿತಲ್ಲ. ಒಳಗೆ ಸೇರಿಸಿಕೊಳ್ಳಿ,” ಎಂದರು.

ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಆ ಮೇಷ್ಟ್ರು ಬಿದ್ದರೂ ಮೀಸೆ ಮಣ್ಣಾಗದ ಜಾತಿಯವನು. ಇಷ್ಟು ಜನರ ಮುಂದೆ, ಒಬ್ಬ ಬಟ್ಟೆ ಒಗೆಯುವವಳ ಎದುರು ಸೋಲುವುದೇ? ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ನಿಂತ. “ಸೇರಿಸಿಕೊಳ್ಳುತ್ತೇನೆ. ಆದರೆ ಕಟ್ಟಳೆ ಕಟ್ಟಳೆಯೇ. ಅವಳ ಹಾಳೆಗೆ ಇನ್ನು ಮೇಲೆ ಗೌಡರು ಸಹಿ ಹಾಕಲಿ. ಈ ಬಟ್ಟೆಯ ಗುರುತು ನಡೆಯುವುದಿಲ್ಲ,” ಎಂದ.

ಗೌಡರು, “ಅದಕ್ಕೇನಂತೆ, ಹಾಕೋಣ,” ಎಂದರು. ನೆರೆದ ಜನಕ್ಕೂ ಅದು ಸರಿ ಎನಿಸಿತು. ಮಗುವಿಗೆ ಜಾಗ ಸಿಕ್ಕಿತಲ್ಲ, ಇನ್ನೇನು ಬೇಕು? ಮಾಚವ್ವನ ಗಂಡನೂ ಅವಳ ತೋಳು ಜಗ್ಗಿ, “ಒಪ್ಕೊಳ್ಳೇ,” ಎಂದು ಪಿಸುಗುಟ್ಟಿದ.

ಅವಳು ತೋಳು ಕೊಡವಿಕೊಂಡಳು.

“ಗೌಡ್ರೇ, ನಿಮ್ಮ ಮೇಲೆ ನನಗೆ ಗೌರವ ಇದೆ. ಆದರೆ ಇವಳ ಓದು ಒಂದು ದಿನ ಕೇಳಿದ್ದೀರಾ ನೀವು? ಕೇಳದವರು ಕೇಳಿದೆ ಅಂತ ಬರೆಯೋದು, ಕೇಳಿದವಳು ಬಾಯಿ ಮುಚ್ಕೊಂಡು ನಿಲ್ಲೋದು. ಏಳು ವರ್ಷದ ಕೂಸಿಗೆ ಇದನ್ನೇನಾ ಕಲಿಸೋದು? ಅವಳಿಗೆ ಸುಳ್ಳಿನ ಸಹಿ ಬೇಡ. ಅವಳವ್ವ ಬದುಕಿದ್ದಾಳೆ, ಕಿವಿ ನೆಟ್ಟಗಿವೆ,” ಎಂದಳು. ಆಮೇಲೆ ಮೇಷ್ಟ್ರ ಕಡೆ ತಿರುಗಿದಳು. ಮೂರು ವಾರದ ಮೂರು ಹಾಳೆಗಳನ್ನು ಮಡಿಲಿನಿಂದ ತೆಗೆದು ಅವನ ಮುಂದೆ ಹಿಡಿದಳು. ಮೂರರ ಕೆಳಗೂ ಅವಳ ಮನೆಯ ಗುರುತು ಇತ್ತು.

“ಇದನ್ನ ಒಪ್ಕೊಂಡರೆ ನನ್ನ ಮಗಳು ನಿಮ್ಮ ಜಗುಲಿ ಹತ್ತುತ್ತಾಳೆ. ಇಲ್ಲ ಅಂದರೆ ಮನೆಯಲ್ಲಿ ಕೂತು ಓದುತ್ತಾಳೆ, ಸಿಕ್ಕ ಕಾಗದ ಸಿಕ್ಕ ಚೀಟಿ ಓದುತ್ತಾಳೆ. ನನ್ನ ಹೆಸರು ಅಳಿಸಿಕೊಂಡು ನಾನು ಅವಳನ್ನ ನಿಮ್ಮ ಹತ್ತಿರ ಕಳಿಸಲ್ಲ. ಹೇಳಿ, ಹೂಂ ಅಂತೀರೋ ಇಲ್ಲವೋ?”

ಅವಳ ಕೈ ಚಾಚಿಯೇ ಇತ್ತು. ಕಣ್ಣು ಮೇಷ್ಟ್ರ ಮುಖದಿಂದ ಕದಲಲಿಲ್ಲ. ಪಕ್ಕದಲ್ಲಿ ಹುಡುಗಿ ಹೊಸ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೇಷ್ಟ್ರನ್ನೇ ನೋಡುತ್ತಿದ್ದಳು. ಅವಳಿಗೆ ಒಳಗೆ ಹೋಗಿ ಕೂರುವ ಆಸೆ. ಅದು ಅವಳ ಮುಖದ ಮೇಲೆಯೇ ಇತ್ತು. ಅವನು ಹೂಂ ಎಂಬ ಒಂದು ಮಾತು ಆಡಿದ್ದರೆ ಸಾಕಾಗಿತ್ತು. ಅವನ ಗಂಟು ಏನೂ ಹೋಗುತ್ತಿರಲಿಲ್ಲ.

ಗುರುಗಳು ಅಲ್ಲಿಗೆ ಮಾತು ನಿಲ್ಲಿಸಿದರು. ಕೊಟ್ರೇಶನಿಗೆ ತಾಳಲಾಗಲಿಲ್ಲ.

“ಎಂಥ ತಾಯಿ, ಗುರುಗಳೇ! ಅಷ್ಟಾದ ಮೇಲೂ ಒಪ್ಪದಿದ್ದರೆ ಅವನು ಮನುಷ್ಯನೇ ಅಲ್ಲ. ಹೇಳಿ, ಕೊನೆಗೆ ಅವನು ಹೂಂ ಎಂದನಲ್ಲವೇ?”

“ಇಲ್ಲ ಕೊಟ್ರೇಶ, ನಾನು ಹೂಂ ಎನ್ನಲಿಲ್ಲ.”